ಗಿರಾಕಿಯ ಖಾತೆಯಿಂದ ಹೋದ ಹಣ ಅಂಗಡಿಗೆ ಬಾರದಿದ್ದರೆ ಹೊಣೆ ಯಾರು?

ವಿಮಾನಪುರ (ಬೆಂಗಳೂರು): ಎಚ್‌ಎಎಲ್‌ ಕಾರ್ಖಾನೆಯಲ್ಲಿ ಪಾಳಿ ಬಿಟ್ಟ ಹೊತ್ತು. ಹಳೆ ವಿಮಾನ ನಿಲ್ದಾಣ ರಸ್ತೆಯ ಬದಿಯ ಚಹಾ ಅಂಗಡಿಯಲ್ಲಿ ಗಿರಾಕಿಗಳ ದಟ್ಟಣೆ. ಒಬ್ಬರು ಕ್ಯೂಆರ್‌ ಕೋಡ್‌ ಸ್ಕ್ಯಾನ್‌ ಮಾಡಿ 40 ರೂಪಾಯಿ ಪಾವತಿಸುತ್ತಾರೆ. ಹಣ ಕಡಿತವಾಯಿತೆಂದು ಅವರ ಬ್ಯಾಂಕಿನಿಂದ ಸಂದೇಶವೂ ಬರುತ್ತದೆ. ಆದರೆ ಅಂಗಡಿಯ ಸೌಂಡ್‌ಬಾಕ್ಸ್‌ ಸೊಲ್ಲೆತ್ತುವುದಿಲ್ಲ. ‘ದುಡ್ಡು ಹೋಗಿದೆ ನೋಡಿ ಅಣ್ಣಾ’ ಎಂದು ಗಿರಾಕಿ ಮೊಬೈಲ್‌ ಚಾಚಿದರೆ, ‘ನನಗೆ ಬಂದಿಲ್ಲವಲ್ಲ ಸಾರ್‌’ ಎಂಬುದು ಅಂಗಡಿಯವರ ಉತ್ತರ.

ಇಂಥ ದೃಶ್ಯ ನಗರದ ಯಾವ ಬಡಾವಣೆಗೂ ಹೊಸದಲ್ಲ. ವಿಶೇಷವೆಂದರೆ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಹಾಗಾದರೆ ಆ 40 ರೂಪಾಯಿ ಎಲ್ಲಿದೆ? ಅದು ಇತ್ಯರ್ಥವಾಗುವ ತನಕ ನಷ್ಟವನ್ನು ಯಾರು ಹೊರಬೇಕು?

ಒಂದು ಪಾವತಿ, ಹಲವು ಲೆಕ್ಕದ ಪುಸ್ತಕ

ಭಾರತೀಯ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) 2016ರ ಏಪ್ರಿಲ್‌ನಲ್ಲಿ ಆರಂಭಿಸಿದ ಯುಪಿಐ ವ್ಯವಸ್ಥೆಯಲ್ಲಿ 2025ರ ಆಗಸ್ಟ್‌ ತಿಂಗಳೊಂದರಲ್ಲೇ 2,000 ಕೋಟಿಗೂ ಹೆಚ್ಚು ವಹಿವಾಟುಗಳು ನಡೆದವು. ಬಳಕೆದಾರನಿಗೆ ಇದು ಒಂದೇ ಕ್ರಿಯೆಯಂತೆ ಕಂಡರೂ ಒಳಗೆ ಹಾಗಿಲ್ಲ. ಗಿರಾಕಿಯ ಆ್ಯಪ್‌ ಕೋರಿಕೆಯನ್ನು ಎನ್‌ಪಿಸಿಐಗೆ ಕಳುಹಿಸುತ್ತದೆ. ಅದು ಗಿರಾಕಿಯ ಬ್ಯಾಂಕಿಗೆ ‘ಕಡಿತ ಮಾಡಿ’ ಎಂದೂ ನಂತರ ಅಂಗಡಿಯವರ ಬ್ಯಾಂಕಿಗೆ ‘ಜಮಾ ಮಾಡಿ’ ಎಂದೂ ಸೂಚಿಸುತ್ತದೆ. ಕೊನೆಯಲ್ಲಿ ಎರಡೂ ಕಡೆಯ ಆ್ಯಪ್‌ಗಳಿಗೆ ಫಲಿತಾಂಶ ತಲುಪಬೇಕು. ಪ್ರತಿಯೊಬ್ಬರ ಲೆಕ್ಕದ ಪುಸ್ತಕವೂ ಬೇರೆ, ಕಂಪ್ಯೂಟರೂ ಬೇರೆ.

ಪೂರ್ವ ಬೆಂಗಳೂರಿನ ಸಾಫ್ಟ್‌ವೇರ್‌ ಕಚೇರಿಗಳಲ್ಲಿ ನಿತ್ಯ ಚರ್ಚೆಯಾಗುವ ಸಮಸ್ಯೆಯೂ ಇದೇ. ಹಿಂದೆ ಒಂದೇ ದೊಡ್ಡ ತಂತ್ರಾಂಶ ಮಾಡುತ್ತಿದ್ದ ಕೆಲಸವನ್ನು ಈಗ ಆರ್ಡರ್‌, ಪಾವತಿ, ದಾಸ್ತಾನು, ರವಾನೆ ಎಂದು ಹಲವು ಸಣ್ಣ ತಂತ್ರಾಂಶಗಳಿಗೆ ಹಂಚಲಾಗಿದೆ. ಇವನ್ನೇ ಮೈಕ್ರೋಸರ್ವೀಸ್‌ ಎನ್ನುತ್ತಾರೆ. ಒಂದು ಕೆಟ್ಟರೂ ಉಳಿದವು ನಡೆಯುತ್ತವೆ ಎಂಬುದು ಇದರ ಲಾಭ. ಒಂದು ತನ್ನ ಕೆಲಸ ಮುಗಿಸಿ ಮತ್ತೊಂದು ಅರ್ಧದಲ್ಲೇ ನಿಂತುಬಿಡಬಹುದು ಎಂಬುದು ಅದಕ್ಕೆ ತೆರುವ ಬೆಲೆ.

ಕಂಪ್ಯೂಟರ್‌ ವಿಜ್ಞಾನಿಗಳು ಇದಕ್ಕೆ ಉತ್ತರ ಹುಡುಕಲು ಹೊರಟು ದಶಕಗಳೇ ಸಂದಿವೆ. ಅಮೆರಿಕದ ಜಿಮ್‌ ಗ್ರೇ 1978ರಲ್ಲಿ ವಿವರಿಸಿದ ಎರಡು ಹಂತದ ವಿಧಾನದಲ್ಲಿ, ಮಧ್ಯಸ್ಥನೊಬ್ಬ ಮೊದಲು ಎಲ್ಲರನ್ನೂ ‘ಸಿದ್ಧವೇ?’ ಎಂದು ಕೇಳುತ್ತಾನೆ. ಎಲ್ಲರೂ ಒಪ್ಪಿದರೆ ಮಾತ್ರ ‘ಬರೆಯಿರಿ’ ಎನ್ನುತ್ತಾನೆ. ಆದರೆ ಒಪ್ಪಿಗೆ ಪಡೆದ ಮಧ್ಯಸ್ಥನೇ ನಡುವೆ ಮೌನವಾದರೆ, ಎಲ್ಲರೂ ಪುಸ್ತಕ ತೆರೆದುಕೊಂಡು ಕಾಯುತ್ತ ಕೂರಬೇಕು. ದಿನಕ್ಕೆ ಕೋಟಿಗಟ್ಟಲೆ ಪಾವತಿ ನಡೆಯುವಲ್ಲಿ ಇದು ದುಬಾರಿ.

1987ರಲ್ಲಿ ಹೆಕ್ಟರ್‌ ಗಾರ್ಸಿಯಾ ಮೊಲಿನಾ ಹಾಗೂ ಕೆನೆತ್‌ ಸೇಲಂ ‘ಸಾಗಾ’ ಎಂಬ ಬೇರೊಂದು ಮಾರ್ಗ ಸೂಚಿಸಿದರು. ಇದರಲ್ಲಿ ಪ್ರತಿ ಹಂತವೂ ತನ್ನಷ್ಟಕ್ಕೆ ಮುಗಿಯುತ್ತದೆ. ಮುಂದಿನ ಹಂತ ವಿಫಲವಾದರೆ, ಹಿಂದಿನದನ್ನು ಸರಿದೂಗಿಸುವ ಇನ್ನೊಂದು ನಮೂದು ಮಾಡಲಾಗುತ್ತದೆ. ಜಮಾ ಆಗದ ಹಣ ಗಿರಾಕಿಯ ಖಾತೆಗೆ ಮರಳುವುದು ಇದೇ ತತ್ವದಿಂದ. ಮೊದಲು ಕಡಿತ, ಆಮೇಲೆ ಜಮಾ, ತಪ್ಪಿದರೆ ವಾಪಸು.

ಮೌನವೆಂದರೆ ನಿರಾಕರಣೆಯಲ್ಲ

ನಿಜವಾದ ತೊಡಕು ಇರುವುದು ಇಲ್ಲಿ. ಅಂಗಡಿಯವರ ಬ್ಯಾಂಕು ‘ಆಗದು’ ಎಂದರೆ ಹಣ ಹಿಂದಿರುಗಿಸುವುದು ಸುಲಭ. ಉತ್ತರವೇ ಬಾರದಿದ್ದರೆ? ಹಣ ಜಮಾ ಆಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು ಅಥವಾ ಜಮಾವೇ ಆಗಿರದಿರಬಹುದು. ತಕ್ಷಣ ವಾಪಸು ಮಾಡಿದರೆ ಒಂದೇ ಹಣ ಎರಡು ಕಡೆ ಸೇರುವ ಅಪಾಯ. ಮಾಡದಿದ್ದರೆ ಎಲ್ಲಿಯೂ ಸೇರದ ಅಪಾಯ. ಅತ್ತ ದರಿ, ಇತ್ತ ಪುಲಿ! ಇಂಥ ವಹಿವಾಟಿನ ಗತಿಯನ್ನು ಬ್ಯಾಂಕುಗಳು ಆಮೇಲೆ ಲೆಕ್ಕ ತಾಳೆ ಹಾಕಿ ನಿರ್ಧರಿಸುತ್ತವೆ.

ಮತ್ತೆ ಮತ್ತೆ ವಿಚಾರಿಸಿದರೆ ಸಾಲದೇ ಎನ್ನಬಹುದು. ಅದರಿಂದಾಗುವ ಹಾನಿಗೂ ಉದಾಹರಣೆಯಿದೆ. 2025ರ ಏಪ್ರಿಲ್‌ 12ರಂದು ದೇಶದಾದ್ಯಂತ ಯುಪಿಐ ಅಸ್ತವ್ಯಸ್ತಗೊಂಡಾಗ, ಪಾವತಿಯ ಸ್ಥಿತಿಗತಿ ಕೇಳುವ ಕೋರಿಕೆಗಳ ಮಹಾಪೂರವೇ ಕಾರಣವೆಂದು ಎನ್‌ಪಿಸಿಐ ಪರಿಶೀಲನೆಯಲ್ಲಿ ಕಂಡುಬಂತು. ‘ಹಣ ತಲುಪಿತೇ?’ ಎಂಬ ಪ್ರಶ್ನೆಯೇ ಹಣ ತಲುಪುವ ದಾರಿಗೆ ಅಡ್ಡಿಯಾಗಿತ್ತು. ಸ್ಥಿತಿ ವಿಚಾರಣೆಗೆ ಉತ್ತರಿಸುವ ಕಾಲಮಿತಿಯನ್ನು ಅದೇ ವರ್ಷ ಜೂನ್‌ 16ರಿಂದ 30 ಸೆಕೆಂಡುಗಳ ಬದಲು 10 ಸೆಕೆಂಡುಗಳಿಗೆ ಇಳಿಸಲಾಯಿತು. ಆಗಸ್ಟ್‌ 1ರಿಂದ ವಿಚಾರಣೆಗಳ ಸಂಖ್ಯೆಗೂ ಮಿತಿ ಬಂತು.

ಐದು ದಿನ ಯಾರ ಪಾಲಿಗೆ?

ಎಂಜಿನಿಯರ್‌ಗಳ ದೃಷ್ಟಿಯಲ್ಲಿ ‘ಕೊನೆಗೆ ಲೆಕ್ಕ ಸರಿಹೋಗುತ್ತದೆ’ ಎಂಬುದು ದೋಷವಲ್ಲ, ಬುದ್ಧಿಪೂರ್ವಕ ಆಯ್ಕೆ. ಆದರೆ ಆ ‘ಕೊನೆ’ ಎಂದಿಗೆ? ರಿಸರ್ವ್‌ ಬ್ಯಾಂಕ್‌ 2019ರ ಸೆಪ್ಟೆಂಬರ್‌ 20ರ ಸುತ್ತೋಲೆಯಲ್ಲಿ ಇದಕ್ಕೆ ಗಡುವು ವಿಧಿಸಿದೆ. ಯುಪಿಐ ಮೂಲಕ ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣ ಜಮಾ ಆಗದಿದ್ದರೆ ಮರುದಿನದೊಳಗೆ ವಾಪಸಾಗಬೇಕು. ವ್ಯಾಪಾರಿಗೆ ಮಾಡಿದ ಪಾವತಿಯ ದೃಢೀಕರಣ ಬಾರದಿದ್ದರೆ ಗಡುವು ಐದು ದಿನ. ಮೀರಿದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನು ಗ್ರಾಹಕನ ದೂರಿಗೆ ಕಾಯದೆ ತಾನಾಗಿಯೇ ಕೊಡಬೇಕು ಎಂಬುದು ಈ ನಿಯಮದ ದೊಡ್ಡ ಗುಣ.

ಆದರೂ ನಿಯಮ ಮುಟ್ಟದ ಒಂದು ಜಾಗ ಉಳಿದಿದೆ. ವಿಮಾನಪುರದ ಅಂಗಡಿಗೇ ಮರಳೋಣ. ಗಿರಾಕಿ ನಗದು ಕೊಟ್ಟು ಹೋದ ಮೇಲೆ ಮೊದಲ ಪಾವತಿಯೂ ಜಮಾ ಆದರೆ, ಆತ ಎರಡು ಬಾರಿ ತೆತ್ತಂತೆ. ಅಂಗಡಿಯವರು ನಂಬಿ ಕಳುಹಿಸಿ, ಹಣ ಗಿರಾಕಿಗೇ ವಾಪಸಾದರೆ ಚಹಾದ ದುಡ್ಡು ಖೋತಾ. ದೊಡ್ಡ ಮಳಿಗೆಗೆ ಇದು ತಿಂಗಳ ಕೊನೆಯಲ್ಲಿ ಸರಿಪಡಿಸುವ ಲೆಕ್ಕ. ಸಂಜೆಯ ಸಂಪಾದನೆಯಲ್ಲೇ ಮರುದಿನದ ಹಾಲು, ಸಕ್ಕರೆ ಕೊಳ್ಳುವವರಿಗೆ ಐದು ದಿನವೆಂದರೆ ಐದು ಬಾರಿಯ ಬಂಡವಾಳ. ಎಲ್ಲೋ ಇರುವ ಸರ್ವರ್‌, ಯಾವುದೋ ಬ್ಯಾಂಕಿನ ಕಂಪ್ಯೂಟರ್‌, ಇವುಗಳ ನಡುವಿನ ಅನಿಶ್ಚಿತತೆಯನ್ನು ಕೊನೆಗೆ ತೀರ್ಮಾನಿಸುವುದು ಒಲೆಯ ಮುಂದೆ ನಿಂತ ಇಬ್ಬರು ಅಪರಿಚಿತರ ಪರಸ್ಪರ ನಂಬಿಕೆ!

ಆಗಬೇಕಾದದ್ದೇನು?

ತೊಡಕನ್ನು ಪೂರ್ತಿ ನಿವಾರಿಸುವುದು ಅಸಾಧ್ಯ. ಹಲವು ಕಂಪ್ಯೂಟರ್‌ಗಳು ಸೇರಿ ಮಾಡುವ ಕೆಲಸದಲ್ಲಿ ಅನಿಶ್ಚಿತ ಕ್ಷಣ ಇದ್ದೇ ಇರುತ್ತದೆ. ಆದರೆ ಅದನ್ನು ಮುಚ್ಚಿಡಬೇಕಿಲ್ಲ. ಬಾಕಿ ಉಳಿದ ಪಾವತಿಯನ್ನು ಗಿರಾಕಿಯ ಆ್ಯಪ್‌ ತೋರಿಸುವಂತೆ ಅಂಗಡಿಯ ಸೌಂಡ್‌ಬಾಕ್ಸ್‌ ಕೂಡ ‘40 ರೂಪಾಯಿ ದಾರಿಯಲ್ಲಿದೆ, ಇನ್ನೂ ಖಚಿತವಾಗಿಲ್ಲ’ ಎಂದು ಕನ್ನಡದಲ್ಲಿ ಹೇಳಿದರೆ ಅರ್ಧ ಜಗಳ ತಪ್ಪುತ್ತದೆ. ಒಂದೇ ಪಾವತಿಯ ಕೋರಿಕೆ ಹತ್ತು ಬಾರಿ ಬಂದರೂ ಒಂದೇ ಬಾರಿ ಕಡಿತವಾಗಬೇಕೆಂಬ ಶಿಸ್ತು ಬ್ಯಾಂಕು ಮತ್ತು ಆ್ಯಪ್‌ಗಳಲ್ಲಿ ಕಡ್ಡಾಯವಿರಬೇಕು. ಸಣ್ಣ ವ್ಯಾಪಾರಿಗಳ ಪಾವತಿಗೂ ಮರುದಿನದ ಗಡುವನ್ನೇ ಅನ್ವಯಿಸುವ ಬಗ್ಗೆ ರಿಸರ್ವ್‌ ಬ್ಯಾಂಕ್‌ ಯೋಚಿಸಬೇಕು. ಗ್ರಾಹಕರೂ ಅಷ್ಟೆ, ಸ್ಕ್ರೀನ್‌ಶಾಟ್‌ ತೋರಿಸಿ ಸುಮ್ಮನಾಗದೆ ವಹಿವಾಟಿನ 12 ಅಂಕಿಯ ಉಲ್ಲೇಖ ಸಂಖ್ಯೆಯನ್ನು ಉಳಿಸಿಕೊಂಡು ಬ್ಯಾಂಕಿಗೆ ದೂರು ಕೊಡಬೇಕು.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬುದು ಹಳೆಯ ಗಾದೆ. ಇಲ್ಲಿ ಕೊಟ್ಟವರೂ ಕೋಡಂಗಿ, ಇಸಕೊಳ್ಳಬೇಕಾದವರೂ ಕೋಡಂಗಿ. 2025ರ ಜುಲೈನಲ್ಲಿ ತೆರಿಗೆ ನೋಟಿಸುಗಳಿಗೆ ಅಂಜಿ ನಗರದ ಅನೇಕ ಸಣ್ಣ ಅಂಗಡಿಗಳು ಕ್ಯೂಆರ್‌ ಕೋಡ್‌ ತೆಗೆದು ‘ನಗದು ಮಾತ್ರ’ ಎಂಬ ಫಲಕ ತೂಗುಹಾಕಿದ್ದವು. ಅಂದಿನ ಕಾರಣ ಬೇರೆ. ಆದರೆ ನಂಬಿಕೆ ಕಳೆದುಕೊಂಡ ವ್ಯಾಪಾರಿ ನಗದಿಗೆ ಮರಳಲು ಒಂದು ರಟ್ಟಿನ ತುಂಡು ಸಾಕೆಂಬುದು ಆಗ ಸಾಬೀತಾಯಿತು. ನಡುವೆ ಸಿಲುಕಿದ ಹಣದ ಹೊಣೆಯನ್ನು ವ್ಯವಸ್ಥೆ ತಾನೇ ಹೊರದಿದ್ದರೆ ಆ ಫಲಕ ಮತ್ತೆ ಕಾಣಿಸಿಕೊಂಡೀತು.