ಹಳೆಯ ಗಡಿಯಾರಗಳ ಲಕ್ಷಣಪರೀಕ್ಷೆ

ಅನೇಕ ಮನೆಗಳ ಪೆಟ್ಟಿಗೆಯ ಮೂಲೆಯಲ್ಲಿ ಅಜ್ಜನ ಕಾಲದ ಕೀಲಿ ಕೊಡುವ ಗಡಿಯಾರವೊಂದು ನಿಂತುಹೋಗಿ ಬಿದ್ದಿರುವುದುಂಟು. ಸೆಲ್ಲಿನ ಗಡಿಯಾರಗಳೂ ಫೋನುಗಳೂ ಬಂದಮೇಲೆ ಅದನ್ನು ಕೇಳುವವರು ವಿರಳ. ಎಂದಾದರೊಂದು ದಿನ ಅದು ಕೈಗೆ ಸಿಕ್ಕಿದಾಗ, ಇಟ್ಟುಕೊಳ್ಳುವುದೋ, ಮಾರುವುದೋ, ರಿಪೇರಿಗೆ ಕೊಡುವುದೋ ಎಂಬ ಪ್ರಶ್ನೆ ಹುಟ್ಟುವುದು. ಒಳಗಿನ ಯಂತ್ರವು ಯಾವುದೆಂದು ಅರಿಯದೆ ಈ ಮೂರರಲ್ಲಿ ಯಾವುದನ್ನು ಮಾಡಿದರೂ ನಷ್ಟಕ್ಕೆ ಅವಕಾಶವುಂಟು. ಆದುದರಿಂದ ಈ ತಿಂಗಳು ಆ ಯಂತ್ರದ ಗುರುತುಗಳನ್ನು ವಾಚಕರ ಮುಂದಿಡುತ್ತೇವೆ.

ಲಕ್ಷಣವು ನಿರ್ದುಷ್ಟವಾಗಿರಬೇಕೆಂದು ತರ್ಕಶಾಸ್ತ್ರವು ವಿಧಿಸುತ್ತದೆ. ಕೊಂಬುಳ್ಳದ್ದೇ ಹಸುವೆಂದರೆ ಎಮ್ಮೆಯೂ ಹಸುವಾಗಬೇಕಾದೀತು, ಇದು ಅತಿವ್ಯಾಪ್ತಿ. ಕಪಿಲವರ್ಣದ್ದೇ ಹಸುವೆಂದರೆ ಬಿಳಿಯ ಹಸುವು ಹೊರಗುಳಿದೀತು, ಇದು ಅವ್ಯಾಪ್ತಿ. ಡಯಲಿನ ಮೇಲಿನ ಹೆಸರನ್ನೇ ಗಡಿಯಾರದ ಲಕ್ಷಣವೆಂದು ನಂಬಿದರೆ ಈ ಎರಡು ದೋಷಗಳೂ ಬರುವುವು. ಸ್ವಿಟ್ಜರ್ಲೆಂಡಿನಲ್ಲಿ ಯಂತ್ರವನ್ನು ತಯಾರಿಸುವವರು ಒಬ್ಬರು, ಅದಕ್ಕೆ ಡಯಲನ್ನೂ ಕೇಸನ್ನೂ ಕೂಡಿಸಿ ತಮ್ಮ ಹೆಸರಿನಿಂದ ಮಾರುವವರು ಮತ್ತೊಬ್ಬರು ಆಗಿರುವುದು ಬಹುಕಾಲದ ರೂಢಿ. ಒಂದೇ ಯಂತ್ರಕ್ಕೆ ಹತ್ತು ಹೆಸರು, ಒಂದೇ ಹೆಸರಿನಡಿ ಹತ್ತು ಯಂತ್ರ. ಇದಲ್ಲದೆ ಮಾಸಿದ ಡಯಲಿಗೆ ಹೊಸ ಬಣ್ಣ ಬಳಿದು ಬೇಕಾದ ಹೆಸರನ್ನು ಬರೆಯುವವರೂ ಇದ್ದಾರೆ.

ಹಾಗಾದರೆ ನೋಡತಕ್ಕದ್ದು ಏನು? ಹಿಂದಿನ ಮುಚ್ಚಳವನ್ನು ತೆರೆಯಿಸಿದರೆ, ಹಿಂದಕ್ಕೂ ಮುಂದಕ್ಕೂ ತಿರುಗುವ ಬ್ಯಾಲೆನ್ಸ್ ಚಕ್ರವು ಮೊದಲು ಕಾಣುವುದು. ಸ್ವಿಸ್ ಯಂತ್ರಗಳಲ್ಲಿ ಅನೇಕವೇಳೆ ಆ ಚಕ್ರದ ಕೆಳಗೆ ಅಥವಾ ಪಕ್ಕದಲ್ಲಿ, ತಳದ ತಗಡಿನ ಮೇಲೆ, ತಯಾರಕರ ಸಣ್ಣ ಮುದ್ರೆಯೂ ಒಂದು ಸಂಖ್ಯೆಯೂ ಇರುತ್ತವೆ. ಎ. ಶಿಲ್ಡ್ ಕಂಪೆನಿಯ ‘ಎ ಎಸ್’ ಎಂಬ ಅಕ್ಷರಗಳು ಇಂಥದೊಂದು ಮುದ್ರೆ. ಮುದ್ರೆ ಕಾಣದಿದ್ದರೆ, ಚಕ್ರಗಳನ್ನು ಮೇಲಿನಿಂದ ಹಿಡಿದಿರುವ ತಗಡುಗಳ ಆಕಾರವನ್ನು ನೋಡಬೇಕು. ಇವಕ್ಕೆ ಕೆಲಸಗಾರರು ಬ್ರಿಡ್ಜು ಎನ್ನುವರು. ಇವುಗಳ ಅಂಚಿನ ಬಾಗು, ಸ್ಕ್ರೂಗಳ ಸ್ಥಾನ, ಯಂತ್ರದ ವ್ಯಾಸ ಇವು ಮೂರೂ ಕೂಡಿದರೆ ಬಹುಮಟ್ಟಿಗೆ ನಿರ್ದುಷ್ಟ ಲಕ್ಷಣವಾಗುವುದು. ವ್ಯಾಸವನ್ನು ಸ್ವಿಸ್ ಜನರು ಲೀನ್ ಎಂಬ ಮಾನದಿಂದ ಅಳೆಯುವರು. ಒಂದು ಲೀನ್ ಎಂದರೆ ಸುಮಾರು 2.256 ಮಿಲಿಮೀಟರು.

ಇನ್ನು ಜ್ಯುವೆಲುಗಳ ವಿಚಾರ. 17 ಜ್ಯುವೆಲ್ ಎಂಬುದನ್ನು ಓದಿ ಒಳಗೆ ಬೆಲೆಬಾಳುವ ರತ್ನಗಳಿವೆಯೆಂದು ಎಣಿಸುವವರುಂಟು. 20ನೆಯ ಶತಮಾನದ ಗಡಿಯಾರಗಳಲ್ಲಿ ಇವು ಸಾಮಾನ್ಯವಾಗಿ ಕೃತಕ ಮಾಣಿಕ್ಯದ ತುಣುಕುಗಳು. ಅಚ್ಚುಗಳು ಸವೆಯದಂತೆ ಕಾಪಾಡುವುದೇ ಇವುಗಳ ಕೆಲಸ. ಲೀವರ್ ಗಡಿಯಾರದಲ್ಲಿ ಬ್ಯಾಲೆನ್ಸಿನ ಅಚ್ಚಿಗೆ 4, ಲೀವರಿನ ಎರಡು ತುದಿಗಳಿಗೆ 2, ಅದನ್ನು ತಳ್ಳುವ ಮೊಳೆಗೆ 1, ಹೀಗೆ 7 ಆಗುವುವು. ಲೀವರಿನ ಅಚ್ಚಿಗೂ ಮುಂದಿನ ಮೂರು ಚಕ್ರಗಳಿಗೂ ಎರಡೆರಡು ಸೇರಿದರೆ 15. ನಡುವಣ ಚಕ್ರಕ್ಕೂ ಎರಡಿಟ್ಟರೆ 17. ಎಣಿಕೆಯಿಂದ ಕೆಲಸದ ದರ್ಜೆಯು ತಿಳಿಯುವುದೇ ಹೊರತು ಕುಲವು ತಿಳಿಯದು. ಲೀವರಿನಲ್ಲಿ ಕಲ್ಲಿಗೆ ಬದಲಾಗಿ ಉಕ್ಕಿನ ಸಣ್ಣ ಮೊಳೆಗಳಿದ್ದರೆ, ಅದು 1867ರಲ್ಲಿ ರಾಸ್ಕಾಫ್ ಎಂಬಾತನು ಬಡವರ ಕೈಗೆಟಕುವಂತೆ ಹೊರತಂದ ಅಗ್ಗದ ಮಾದರಿಯ ಸಂತತಿಯೆಂದು ತಿಳಿಯಬಹುದು. ಬ್ಯಾಲೆನ್ಸಿನ ನಡುವಿನ ಕಲ್ಲಿನ ಮೇಲೆ ವೀಣೆಯಾಕಾರದ ಪುಟ್ಟ ಸ್ಪ್ರಿಂಗು ಕಂಡರೆ, ಅದು ಏಟಿನಿಂದ ರಕ್ಷಿಸುವ ಇಂಕಬ್ಲಾಕ್; ಅಂಥ ಯಂತ್ರವು 1930ರ ದಶಕಕ್ಕಿಂತ ಹಿಂದಿನದಾಗಲಾರದು.

ಅಮೆರಿಕದ ಜೇಬುಗಡಿಯಾರಗಳಿಗೆ ಬೇರೊಂದು ಸೌಕರ್ಯವುಂಟು. ವಾಲ್ತಮ್, ಎಲ್ಜಿನ್ ಕಂಪೆನಿಗಳು ಪ್ರತಿ ಯಂತ್ರಕ್ಕೂ ಕ್ರಮಸಂಖ್ಯೆಯನ್ನು ಕೆತ್ತುತ್ತಿದ್ದುವು. ಅದರಿಂದ ತಯಾರಾದ ವರ್ಷವನ್ನು ಸುಮಾರಾಗಿ ಹೇಳಬಹುದು. ಕೇಸಿನ ಮೇಲಿನ ಸಂಖ್ಯೆಯು ಬೇರೆ. ಅನೇಕವೇಳೆ ಕೇಸು ಮತ್ತೊಬ್ಬರು ಮಾಡಿದ್ದು. ನಮ್ಮ ಪರಿಚಿತ ಗೃಹಸ್ಥರೊಬ್ಬರ ತಂದೆಯ ಗಡಿಯಾರಕ್ಕೆ ವ್ಯಾಪಾರಿಯು ಕೇಸಿನ ಬೆಳ್ಳಿಯನ್ನು ತೂಗಿ ಬೆಲೆ ಕಟ್ಟಿದ್ದನು. ಒಳಗಿನ ಸಂಖ್ಯೆಯನ್ನು ನೋಡಲಾಗಿ ಅದು ನೂರು ವರ್ಷ ದಾಟಿದ ವಾಲ್ತಮ್ ಎಂದು ತಿಳಿಯಿತು. ಅದನ್ನು ಶುಚಿಮಾಡಿಸಿದರು, ಈಗ ಅವರ ಮೊಮ್ಮಗಳು ಪ್ರತಿದಿನ ಬೆಳಗ್ಗೆ ಅದಕ್ಕೆ ಕೀಲಿ ಕೊಡುತ್ತಾಳೆ. ಬೆಳ್ಳಿಯ ಆಸೆಗೆ ಕೇಸು ಕರಗಿದ್ದರೆ ಯಂತ್ರವು ಅನಾಥವಾಗುತ್ತಿತ್ತು.

ಯಂತ್ರವೊಂದನ್ನೇ ನೋಡಿದರೂ ಸಾಲದ ಸಂದರ್ಭವುಂಟು. ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಕಾರ್ಖಾನೆಯ ‘ಜನತಾ’, ‘ಪೈಲಟ್’ ಎರಡರಲ್ಲೂ 17 ಜ್ಯುವೆಲಿನ 0231 ಎಂಬ ಯಂತ್ರವು ಬಂದಿದೆ. ಜನತಾದೊಳಗೆ ಪೈಲಟಿನ ಡಯಲನ್ನು ಕೂರಿಸಿದರೆ ಯಂತ್ರವು ಸಾಕ್ಷಿ ನುಡಿಯದು. ಅಲ್ಲಿ ಕೇಸು, ಡಯಲು, ಮುಳ್ಳುಗಳ ಪರಸ್ಪರ ಹೊಂದಿಕೆಯನ್ನೂ ಪರೀಕ್ಷಿಸಬೇಕು. 2016ರಲ್ಲಿ ಸರ್ಕಾರವು ಆ ಗಡಿಯಾರದ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿದ ಮೇಲೆ ಅವಕ್ಕೆ ಬೇಡಿಕೆ ಹೆಚ್ಚಿರುವುದರಿಂದ ಈ ಎಚ್ಚರವು ಅವಶ್ಯಕ.

ಮುಚ್ಚಳವನ್ನು ಚಾಕುವಿನಿಂದ ಮೀಟಬೇಡಿರಿ. ನಂಬಿಕೆಯ ಕೆಲಸಗಾರನಿಂದ ತೆರೆಯಿಸಿರಿ. ಬ್ಯಾಲೆನ್ಸ್ ಚಕ್ರವನ್ನು ಬೆರಳಿನಿಂದ ಮುಟ್ಟಬೇಡಿರಿ. ರಿಪೇರಿಗೆ ಬಿಟ್ಟುಬರುವ ಮುನ್ನ ಯಂತ್ರದ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು, ಮುದ್ರೆಯನ್ನೂ ಸಂಖ್ಯೆಯನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಮರಳಿ ಬಂದಾಗ ಚಿತ್ರದೊಡನೆ ಹೋಲಿಸಿರಿ. ಕೊಟ್ಟದ್ದೇ ಬಂದಿತೆಂಬ ನಿಶ್ಚಯಕ್ಕೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ.