ಹೊಸದಾಗಿ ಕೋವಿ ಕೊಳ್ಳುವವರಿಗೆ ಕೇಳದಿದ್ದರೂ ಹೇಳಬೇಕಾದ ಮಾತು

ಮಲೆನಾಡಿನಲ್ಲಿಯೂ ಕಾಡಂಚಿನ ಇತರ ಸೀಮೆಗಳಲ್ಲಿಯೂ ಬತ್ತ, ಮುಸುಕಿನ ಜೋಳ, ಕಬ್ಬು, ಬಾಳೆ ಮುಂತಾದ ಬೆಳೆಗಳಿಗೆ ಕಾಡುಹಂದಿಗಳಿಂದಾಗುವ ಹಾನಿಯು ಎಷ್ಟೆಂಬುದು ಅಲ್ಲಿಯ ಸಾಗುವಳಿದಾರರಿಗೆ ಚೆನ್ನಾಗಿ ಗೊತ್ತು. ನಾಲ್ಕು ತಿಂಗಳ ದುಡಿಮೆಯು ಒಂದೇ ರಾತ್ರಿಯಲ್ಲಿ ಮಣ್ಣುಪಾಲಾದುದನ್ನು ಕಂಡವನು ಕೋವಿಯ ಪರವಾನಗಿಗೆ ಅರ್ಜಿ ಹಾಕಿದರೆ ಆಶ್ಚರ್ಯವಿಲ್ಲ. 1959ರ ಆಯುಧ ಕಾಯಿದೆಯ 13ನೆಯ ಕಲಮು ನಿಜವಾದ ಬೆಳೆರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ, ಎಂದರೆ ಕೇಪಿನ ಕೋವಿಗೆ, ಪರವಾನಗಿ ಕೊಡಲು ಎಡೆ ಮಾಡಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದಲ್ಲಿ ತೋಟಾ ಕೋವಿಗೂ ಅವಕಾಶವುಂಟು. ಹೀಗೆ ಎಂದೂ ಕೋವಿ ಹಿಡಿಯದ ಮನೆಗಳಿಗೂ ಕೋವಿಯು ಬರುತ್ತದೆ.

ಹೊಸ ಎತ್ತಿನ ಜೋಡಿಯು ಮನೆಗೆ ಬಂದ ದಿನ ನೆರೆಹೊರೆಯವರು ಕರೆಯದೆಯೇ ಬಂದು, ಹಲ್ಲು ನೋಡಿ, ಸುಳಿ ನೋಡಿ, ಹಾಯುವ ಗುಣವಿದ್ದರೆ ಮಕ್ಕಳನ್ನು ದೂರವಿಡೆಂದು ಎಚ್ಚರಿಸಿ ಹೋಗುತ್ತಾರೆ. ಹೊಸ ಕೋವಿಯು ಬಂದ ದಿನವಾದರೋ ಬೆಲೆಯನ್ನು ವಿಚಾರಿಸಿ, ಹೆಗಲಿಗೇರಿಸಿ ಗುರಿ ನೋಡಿ, ಹೊಗಳಿ ಹೊರಟುಹೋಗುತ್ತಾರೆ. ಕೋವಿ ಕೊಂಡವನಿಗೆ ಬುದ್ಧಿ ಹೇಳುವುದು ಅವನನ್ನು ಹಗುರವಾಗಿ ಕಂಡಂತೆ ಎಂಬ ದಾಕ್ಷಿಣ್ಯವೇ ಇದಕ್ಕೆ ಕಾರಣ. ಈ ದಾಕ್ಷಿಣ್ಯವು ತಪ್ಪು. ಎತ್ತು ಹಾಯ್ದರೆ ಗಾಯ ಮಾಯಬಹುದು. ನಳಿಗೆಯನ್ನು ಬಿಟ್ಟ ಗುಂಡನ್ನು ಹಿಂದಕ್ಕೆ ಕರೆಯುವವರಿಲ್ಲ.

ಕೊಡಗಿನಂತಹ ಪ್ರಾಂತದಲ್ಲಿ ಕೋವಿಯು ಮನೆತನದ ವಸ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ 2029ರವರೆಗೆ ಮುಂದುವರಿಸಿತು. ಅಂತಹ ಮನೆಗಳಲ್ಲಿ ಕೋವಿಯೊಡನೆ ಅದನ್ನು ಹಿಡಿಯುವ ಶಿಸ್ತೂ ಹಿರಿಯರಿಂದ ಕಿರಿಯರಿಗೆ ಬರುವುದುಂಟು. ಅಂಗಡಿಯಿಂದ ಮೊದಲ ಕೋವಿಯನ್ನು ತರುವ ರೈತನಿಗೆ ಕೋವಿಯು ಸಿಗುತ್ತದೆ, ಹಿರಿಯನು ಸಿಗುವುದಿಲ್ಲ. ಆ ಸ್ಥಾನವನ್ನು ಊರಿನ ಮುಖಂಡರು ತುಂಬತಕ್ಕದ್ದು.

ಮೊದಲು ತಿಳಿಸಬೇಕಾದುದು, ಕೋವಿಯ ಪರವಾನಗಿಯು ಮೃಗವನ್ನು ಕೊಲ್ಲುವ ಪರವಾನಗಿಯಲ್ಲ ಎಂಬ ಸಂಗತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ, ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲುವುದಕ್ಕೂ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅನುಮತಿಯು ಬೇಕು. ಆನೆ, ಕಾಟಿ, ನವಿಲುಗಳತ್ತ ನಳಿಗೆಯನ್ನು ತಿರುಗಿಸಲೇಕೂಡದು. ಬೆಳೆ ಕಾಯುವವನಿಗೆ ಬಹುಮಟ್ಟಿಗೆ ಬೇಕಾದುದು ಸದ್ದು. ಅದು ಗುಂಡಿಲ್ಲದ ಬರಿಯ ಮದ್ದಿನಿಂದಲೂ ಆಗುತ್ತದೆ. ಬೇಲಿ, ಕಂದಕ, ಸರದಿಯ ಕಾವಲುಗಳಿಂದ ಕೆಲಸವು ಸಾಗುವಲ್ಲಿ ಕೋವಿಯನ್ನು ಕೊಳ್ಳದಿರುವುದೇ ಲೇಸು.

ಎರಡನೆಯದು ಕೇಪಿನ ಕೋವಿಯ ಸ್ವಭಾವ. ತೋಟಾ ಕೋವಿಯನ್ನು ಮುರಿದು ತೋಟೆಯನ್ನು ಹೊರತೆಗೆಯಬಹುದು. ಕೇಪಿನ ಕೋವಿಗೆ ಒಮ್ಮೆ ಈಡು ತುಂಬಿದರೆ ಹಾರಿಸದೆ ತೆಗೆಯುವುದು ಸುಲಭವಲ್ಲ. ರಾತ್ರಿಯೆಲ್ಲ ಕಾದು ಹಂದಿಯು ಬಾರದಿದ್ದಾಗ ಕಾವಲುಗಾರನು ತುಂಬಿದ ಕೋವಿಯನ್ನೇ ಮನೆಗೆ ತಂದು ಗೋಡೆಗೆ ತೂಗುಹಾಕುತ್ತಾನೆ. ಅನರ್ಥದ ಮೂಲವು ಇದೇ. ಮನೆಯ ಮಗುವಿಗೆ ಅದು ಆಟದ ವಸ್ತು. ಒರೆಸಲು ಇಳಿಸಿದವನಿಗೆ ಅದು ಬರಿಯ ಕೋವಿ. ಮರುರಾತ್ರಿ ಈಡು ಇರುವುದನ್ನು ಮರೆತು ಅದರ ಮೇಲೆ ಇನ್ನೊಂದು ಈಡು ತುಂಬಿದರೆ ನಳಿಗೆಯೇ ಸಿಡಿದು ಕೈ, ಕಣ್ಣುಗಳು ಹೋಗಬಹುದು.

ಇದಕ್ಕೆ ಸುಲಭವಾದ ಉಪಾಯವುಂಟು. ಬರಿಯ ನಳಿಗೆಯೊಳಗೆ ಗಜವನ್ನು ತಳದವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಗುರುತು ಕೊರೆಯಬೇಕು. ಮುಂದೆ ಗಜವನ್ನು ಇಳಿಸಿದಾಗ ಆ ಗುರುತು ಬಾಯಿಯಿಂದ ಮೇಲಕ್ಕೆ ನಿಂತರೆ ಒಳಗೆ ಈಡು ಇದೆಯೆಂದು ತಿಳಿಯತಕ್ಕದ್ದು. ಪರೀಕ್ಷಿಸುವುದಕ್ಕೆ ಮುಂಚೆ ಕೇಪನ್ನು ತೆಗೆದಿರಬೇಕು; ಮುಖವನ್ನು ನಳಿಗೆಯ ಬಾಯಿಗೆ ಒಡ್ಡಕೂಡದು. ಕಾವಲು ಮುಗಿಸಿ ಹೊರಡುವಾಗ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆತ್ತನೆಯ ಮಣ್ಣಿನ ದಿಣ್ಣೆಗೆ ಈಡನ್ನು ಹಾರಿಸಿ ಬರಿದುಮಾಡಿಯೇ ಮನೆಗೆ ಬರತಕ್ಕದ್ದು. ಒಂದು ಈಡಿನ ಮದ್ದು ಉಳಿಸಿ ಯಾರೂ ಧನಿಕರಾಗಲಿಲ್ಲ.

ಮದ್ದನ್ನು ಅಳತೆಯಿಂದಲೇ ಹಾಕಬೇಕು. ಹಾರಿಸಿದ ಕೂಡಲೇ ಮದ್ದಿನ ಪಾತ್ರೆಯನ್ನು ನಳಿಗೆಯ ಬಾಯಿಗೆ ಬಗ್ಗಿಸಕೂಡದು. ಒಳಗೆ ಕಿಡಿ ಉಳಿದಿದ್ದರೆ ಪಾತ್ರೆಯೇ ಹೊತ್ತಿಕೊಳ್ಳುತ್ತದೆ. ಕೇಪು ಸಿಡಿದರೂ ಈಡು ಹಾರದಿದ್ದರೆ ನಳಿಗೆಯನ್ನು ನಿರ್ಜನವಾದ ಕಡೆಗೆ ಹಿಡಿದು ಒಂದು ನಿಮಿಷಕ್ಕೆ ಕಡಮೆಯಿಲ್ಲದೆ ಕಾಯಬೇಕು. ಕೇಪನ್ನು ಹಾರಿಸುವ ಸಮಯಕ್ಕೆ ಮಾತ್ರ ಕೂರಿಸತಕ್ಕದ್ದು. ಬೇಲಿ ದಾಟುವಾಗ, ಸಂಕ ದಾಟುವಾಗ, ಅಟ್ಟಣೆ ಹತ್ತುವಾಗ ಕೇಪು ಕೋವಿಯ ಮೇಲೆ ಇರಲೇಬಾರದು.

ಮೂರನೆಯದು ರಾತ್ರಿಯ ಕಾವಲು. ಪೈರು ಅಲುಗಿದ ಮಾತ್ರಕ್ಕೆ ಅದು ಹಂದಿಯಲ್ಲ. ಗದ್ದೆಗೆ ನೀರು ತಿರುಗಿಸಲು ಬಂದ ನೆರೆಯವನಾಗಿರಬಹುದು, ಬಿಡುಬಿಟ್ಟ ದನವಾಗಿರಬಹುದು, ಕಾವಲಿಗೆ ಊಟ ತಂದ ಸ್ವಂತ ಮಗನೇ ಆಗಿರಬಹುದು. ಗುರಿಯನ್ನು ಪೂರ್ತಿಯಾಗಿ ಕಂಡು ಗುರುತಿಸದೆ, ಅದರ ಹಿಂದೆ ಏನಿದೆಯೆಂದು ತಿಳಿಯದೆ ಟ್ರಿಗ್ಗರಿನ ಮೇಲೆ ಬೆರಳಿಡಬಾರದು. ಸಣ್ಣ ಚರೆಯೇ ಸುಮಾರು 200 ಮೀಟರು ಹಾರಬಲ್ಲುದು. ದಪ್ಪ ಚರೆಯೂ ಒಂಟಿ ಗುಂಡೂ ಅದಕ್ಕಿಂತ ಬಹು ದೂರ ಹೋಗುತ್ತವೆ. ನೀರು ನಿಂತ ಗದ್ದೆಯ ಮೇಲೂ ಬಂಡೆಯ ಮೇಲೂ ಗುಂಡು ಪುಟಿದು ದಿಕ್ಕು ಬದಲಿಸುತ್ತದೆ. ಯಾವ ರಾತ್ರಿ ಯಾವ ಹೊಲದಲ್ಲಿ ಯಾರು ಕೋವಿಯೊಡನೆ ಇರುವರೆಂಬುದು ಸಂಜೆಯೇ ಅಕ್ಕಪಕ್ಕದವರೆಲ್ಲರಿಗೂ ತಿಳಿದಿರಬೇಕು. ಮದ್ಯ ಸೇವಿಸಿದವನು ಆ ರಾತ್ರಿ ಕೋವಿಯನ್ನು ಮುಟ್ಟಕೂಡದು. ಹಂದಿಯ ಹಾದಿಗೆ ತಂತಿ ಕಟ್ಟಿ ಕೋವಿಯನ್ನು ಹೂಡಿಡುವುದಂತೂ ಬೆಳೆರಕ್ಷಣೆಯಲ್ಲ; ಮೊದಲು ಆ ದಾರಿಯಲ್ಲಿ ನಡೆದವರ ಪ್ರಾಣಕ್ಕೆ ಒಡ್ಡಿದ ಬಲೆ.

ಮನೆಯಲ್ಲಿ ಕೋವಿಗೆ ಒಂದು ಬೀಗ, ಮದ್ದುಗುಂಡಿಗೆ ಬೇರೆ ಕಡೆಯಲ್ಲಿ ಇನ್ನೊಂದು ಬೀಗವಿರಬೇಕು; ಬೀಗದ ಕೈಗಳು ಯಜಮಾನನ ವಶದಲ್ಲಿರತಕ್ಕದ್ದು. ಮದ್ದನ್ನು ಒಲೆ, ದೀಪಗಳ ಸಮೀಪ ಇಡಕೂಡದು. ಕೋವಿಯ ಭಯವು ಕಳ್ಳನಿಂದ ಮಾತ್ರವಲ್ಲ. ಮನೆಯೊಳಗಿನ ಜಗಳದಲ್ಲಿ, ಸಾಲದ ಚಿಂತೆಯಿಂದ ಮನಸ್ಸು ಕೆಟ್ಟ ಗಳಿಗೆಯಲ್ಲಿ ಅದು ಕೈಗೆಟುಕದಂತಿರುವುದೇ ದೊಡ್ಡ ರಕ್ಷಣೆ. ಮನನೊಂದ ನೆರೆಯವನ ಕೋವಿಯನ್ನು ಕಾನೂನಿನಂತೆ ಠಾಣೆಯಲ್ಲಿಯೋ ಪರವಾನಗಿಯುಳ್ಳ ವರ್ತಕರಲ್ಲಿಯೋ ಇಡಿಸುವಂತೆ ಒಪ್ಪಿಸುವುದು ಮುಖಂಡರ ಕರ್ತವ್ಯ. ಮದುವೆ, ಮೆರವಣಿಗೆಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯವೊಡ್ಡಿದವರಿಗೆ 2019ರ ತಿದ್ದುಪಡಿಯು ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಿದೆ.

ಜಮೀನುದಾರರಿಗೆ ಹೇಳಬೇಕಾದ ಮಾತು ಇನ್ನೊಂದುಂಟು. ಪರವಾನಗಿಯು ಯಜಮಾನನ ಹೆಸರಿನಲ್ಲಿದ್ದು, ಚಳಿಯಲ್ಲಿ ಕಾವಲು ಕೂರುವವನು ಆಳಾಗಿರುವುದು ಹಲವೆಡೆ ಕಂಡುಬರುತ್ತದೆ. ಕಾನೂನು ಅಧಿಕಾರ ಕೊಡದ ಕೈಗೆ ಕೋವಿಯನ್ನು ಕೊಡುವುದು ಅಪರಾಧ. ಕಲಿಸದೆ ಕೊಡುವುದು ಅದಕ್ಕಿಂತಲೂ ದೊಡ್ಡ ಅನ್ಯಾಯ. ಅನಾಹುತವಾದ ಮೇಲೆ ಆಳಿನ ಅಜಾಗ್ರತೆಯೆಂದರೆ ಯಜಮಾನನ ಹೊಣೆಯು ಕಳೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಅಜಾಗ್ರತೆಯಿಂದ ಸಾವು ಉಂಟುಮಾಡಿದವನಿಗೆ ಐದು ವರ್ಷಗಳವರೆಗೆ ಸೆರೆವಾಸವಾಗಬಹುದು.

ಕೇಳದೆ ಬುದ್ಧಿ ಹೇಳಿದರೆ ಜನರು ಬೇಸರಗೊಳ್ಳುವರೆಂಬ ಆಕ್ಷೇಪವು ಇರಬಹುದು. ಬೇಸರವು ಒಂದು ದಿನದ್ದು. ಆದಕಾರಣ ಊರಿಗೆ ಹೊಸ ಕೋವಿ ಬಂದ ವಾರದೊಳಗೆ ಅನುಭವಸ್ಥರೊಬ್ಬರನ್ನು ಕರೆದುಕೊಂಡು ಮುಖಂಡರು ಆ ಮನೆಗೆ ಹೋಗಲಿ; ಗಜಕ್ಕೆ ಗುರುತು ಕೊರೆಯಿಸಲಿ; ಬೀಗಗಳನ್ನು ನೋಡಲಿ; ಮನೆಯ ಹೆಂಗಸರಿಗೂ ಮಕ್ಕಳಿಗೂ ಎಚ್ಚರ ಹೇಳಲಿ. ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಇದಕ್ಕೆ ಬೇಕಿಲ್ಲ. ಹಂದಿಯು ತಿಂದ ಬೆಳೆಯನ್ನು ಮುಂದಿನ ಮಳೆಗಾಲದಲ್ಲಿ ಮತ್ತೆ ಬೆಳೆಯಬಹುದು. ಹೋದ ಪ್ರಾಣಕ್ಕೆ ಮುಂದಿನ ಮಳೆಗಾಲವಿಲ್ಲ.