ಐದನೆಯ ವರ್ಷದ ಲೆಕ್ಕ

ಕೆ.ಆರ್. ಪುರದಂಥ ಕಡೆ ಸರ್ಕಾರಿ ಶಾಲೆಗೆ ಕಂಪನಿಯ ನೆರವಿನ ಪ್ರಸ್ತಾವ ಬಂದಾಗ ನಾವು ಕಂಪ್ಯೂಟರ್‌ಗಳನ್ನು ಎಣಿಸುತ್ತೇವೆ. ಅವಧಿ ಮುಗಿದ ಮೇಲಿನ ವೆಚ್ಚವನ್ನಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಯಮದಂತೆ ಬಹುವರ್ಷದ ಯೋಜನೆಗೂ, ಆರಂಭದ ವರ್ಷ ಬಿಟ್ಟರೆ, ಮೂರೇ ವರ್ಷದ ಮಿತಿ. ಕಡ್ಡಾಯ ಶಿಕ್ಷಣವಾದರೋ ಎಂಟು ವರ್ಷದ್ದು.

2001ರ ಸರ್ವ ಶಿಕ್ಷಾ ಅಭಿಯಾನದಲ್ಲಿ ಕೇಂದ್ರದ ಪಾಲು ಒಂಬತ್ತನೆಯ ಪಂಚವಾರ್ಷಿಕ ಯೋಜನೆಯಲ್ಲಿ ಶೇ 85, ಹತ್ತನೆಯದರಲ್ಲಿ ಶೇ 75, ಅನಂತರ ಶೇ 50 ಎಂದು ಮೊದಲೇ ಸಾರಲಾಗಿತ್ತು. ಹೊರೆ ಹೊರಲು ರಾಜ್ಯಗಳಿಗೆ ಕಾಲಾವಕಾಶವಿತ್ತು. ಖಾಸಗಿ ನೆರವಿಗೂ ಇಂಥ ಇಳಿಕೆಯ ಕ್ರಮ ಬೇಕು.

ಬಂದಷ್ಟು ಬರಲಿ ಎನ್ನುವವರಿದ್ದಾರೆ. ಆದರೆ ಗೌರವಧನ ನಿಂತೊಡನೆ ಬೋಧಕರು ಹೊರಡುತ್ತಾರೆ. ಬೀಗ ಬಿದ್ದ ಕೊಠಡಿ ಮಾತ್ರ ಉಳಿಯುತ್ತದೆ. ಬೋಧಕರು, ವಿದ್ಯುತ್, ದುರಸ್ತಿಗಳ ವೆಚ್ಚವನ್ನು ಐದನೆಯ ವರ್ಷ ಭರಿಸುವವರ ಲಿಖಿತ ಒಪ್ಪಿಗೆಯಿಲ್ಲದ ಪ್ರಸ್ತಾವವನ್ನು, ಅದು ಎಷ್ಟೇ ಉದಾರವಾಗಿರಲಿ, ಇಲಾಖೆ ಹಿಂದಿರುಗಿಸಬೇಕೆಂಬುದು ನನ್ನ ಅಭಿಮತ.